ತೊಯ್ದ ನೂಲಿನ ಗೆರೆ

೨೦೨೪ರ ನವೆಂಬರ್ ೧೭, ಭಾನುವಾರ, ಬೆಳಿಗ್ಗೆ ಆರೂ ಇಪ್ಪತ್ತು. ಬನಹಟ್ಟಿಯ ಬಾಸ್ಕೆಟ್‌ಬಾಲ್ ಅಂಗಳದ ಎರಡನೆಯ ಅರ್ಧಕ್ಕೆ ಗೆರೆ ಹಾಕಲು ವೇದವ್ಯಾಸರು ಮಂಡಿಯೂರಿದ್ದರು. ಜಮಖಂಡಿಯಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಈಗ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು, ಅಂಗಳಗಳ ಅಳತೆಯೂ ಅವರದೇ. ಸ್ವಿಟ್ಜರ್ಲೆಂಡಿನ ಅಂತಾರಾಷ್ಟ್ರೀಯ ಒಕ್ಕೂಟ ಬರೆದ ನಿಯಮ ದೇಶದ ಒಕ್ಕೂಟ, ರಾಜ್ಯ ಸಂಸ್ಥೆ, ಜಿಲ್ಲಾ ಸಂಸ್ಥೆಗಳ ಮೆಟ್ಟಿಲಿಳಿದು ಕೊನೆಗೆ ಅವರ ಕೈಯ ಟೇಪಿಗೆ ಬರುತ್ತಿತ್ತು. ಮೂರು ಅಂಕದ ಗೆರೆ ಬುಟ್ಟಿಯ ನಡುವಿನಿಂದ ೬.೭೫ ಮೀಟರ್. ಮೊದಲ ಅರ್ಧದ ಗೆರೆ ಅಷ್ಟೇ ಇದೆಯೆಂದು ಜುಲೈನಲ್ಲಿ ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದರು.

ನೇಕಾರರ ಊರಾದ ಬನಹಟ್ಟಿಯಲ್ಲಿ ನೂಲಿಗೇನು ಬರ? ಹುರಿಗೊಳಿಸಿದ ದಪ್ಪ ನೂಲನ್ನು ಅಳೆದು, ಬುಟ್ಟಿಯ ನೇರ ಕೆಳಗೆ ನೆಟ್ಟ ಮೊಳೆಗೆ ಕಟ್ಟಿ, ಸುಣ್ಣದ ನೀರಿನಲ್ಲಿ ಅದ್ದಿ, ಸುತ್ತ ಎಳೆದು ಗುರುತು ಮಾಡುತ್ತಿದ್ದರು. ಬಣ್ಣ ಆಮೇಲೆ. ಮೊದಲ ಅರ್ಧಕ್ಕೂ ಹೀಗೆಯೇ ಗೆರೆ ಹಾಕಿದ್ದರು.

ನೇಕಾರರ ಅನಸವ್ವ ಮಗಳ ಬೂಟು ಹಿಡಿದು ಬಂದಳು. ಮಗಳು ಶೀತಲ್ ಗೇಟಿನ ಬಳಿಯೇ ನಿಂತಳು.

"ತೊಗೋರಿ ಸರ. ಇನ್ನ ಆಡೂದಿಲ್ಲಂತ ಆಕಿ."

ಶುಕ್ರವಾರ ಧಾರವಾಡದಲ್ಲಿ ನಡೆದ ತಂಡದ ಆಯ್ಕೆಯಲ್ಲಿ ಶೀತಲ್ ಗೆರೆಯಾಚೆಯಿಂದ ಎಸೆದ ಹತ್ತು ಚೆಂಡೂ ರಿಂಗಿನ ಮುಂಭಾಗಕ್ಕೆ ಬಡಿದು ಬಿದ್ದಿದ್ದವು. ಹಿಂದಿರುಗುವಾಗ ಬಸ್ಸಿನಲ್ಲಿ, ಎಲ್ಲ ಹುಡುಗಿಯರ ಎದುರು, ವೇದವ್ಯಾಸರು ಅಂದಿದ್ದರು: "ಮನ್ಯಾಗ ಹುಲಿ, ಹೊರಗ ಇಲಿ."

ಅನಸವ್ವನ ಕಣ್ಣು ಸುಣ್ಣದ ನೀರಿನ ಬಕೀಟಿನಲ್ಲಿದ್ದ ನೂಲಿನ ಮೇಲೆ ಬಿತ್ತು. "ಅಳದ ಮ್ಯಾಲ ತೊಯ್ಸಾಕತ್ತೀರೇನ್ರೀ?"

"ಹೌದು. ಯಾಕ?"

"ಹುರಿ ನೂಲು ತೊಯ್ದ್ರ ಕುಗ್ಗತೈತ್ರಿ. ನಮ್ಮ ಓಣ್ಯಾಗ ಕೂಸಿಗೂ ಗೊತ್ತು. ಇಷ್ಟ್ ಓದಿದಾವ್ರಿಗೆ ಗೊತ್ತಿಲ್ಲೇನು?"

ಗೊತ್ತಿತ್ತು. ಎಳೆ ನೀರು ಕುಡಿದು ಉಬ್ಬುತ್ತದೆ, ಹುರಿ ಬಿಗಿಯುತ್ತದೆ, ಉದ್ದ ಕಡಿಮೆಯಾಗುತ್ತದೆ. ತಾವೇ ಮಕ್ಕಳಿಗೆ ಪರೀಕ್ಷೆಯಲ್ಲಿ ಕೇಳಿದ್ದ ಪ್ರಶ್ನೆ ಅದು. ಸುಮ್ಮನಿದ್ದರೂ ನಡೆಯುತ್ತಿತ್ತು, ಹಳೆಯ ಗೆರೆಯ ಮೇಲೆ ಮತ್ತೊಮ್ಮೆ ಟೇಪು ಹಿಡಿಯುವವರು ಯಾರೂ ಇರಲಿಲ್ಲ. ಶೀತಲ್ ಬಸ್ಸಿನಲ್ಲಿ ಕೂತಿದ್ದ ಹಾಗೆಯೇ ಕಾಲ ಬೆರಳು ನೋಡುತ್ತ ನಿಂತಿದ್ದಳು.

"ಶೀತಲ್, ಇಲ್ಲಿ ಬಾರವ್ವ." ಮೊದಲ ಅರ್ಧದ ಗೆರೆಯತ್ತ ಕೈ ತೋರಿದರು. "ನೀ ದಿನಾ ಆಡೂ ಆ ಗೆರಿ ಹತ್ತರ ಬಿದ್ದದ. ತಪ್ಪು ನಂದು. ಧಾರವಾಡದ ಗೆರಿ ದೂರ ಇತ್ತು, ನೀ ಅಂಜಿದ್ದಿಲ್ಲ."

ಆಕೆ ಅಳಲಿಲ್ಲ, ನಗಲೂ ಇಲ್ಲ. "ಎಷ್ಟ್ ಹತ್ತರ, ಸರ?"

ಅವರು ಉಕ್ಕಿನ ಟೇಪಿನ ತುದಿ ಕೊಟ್ಟರು. ಆಕೆ ಅದನ್ನು ಮೊದಲ ಬುಟ್ಟಿಯ ಕೆಳಗಿನ ಮೊಳೆಗೆ ಸಿಕ್ಕಿಸಿ, ಬಿಚ್ಚುತ್ತ ಗೆರೆಯವರೆಗೆ ನಡೆದಳು.

"ಬೈದದ್ದು ಎಲ್ಲಾರ ಮುಂದ, ಸರ. ಇದನೂ ಎಲ್ಲಾರ ಮುಂದ ಹೇಳ್ರಿ."

"ಹೇಳ್ತೀನಿ. ಸಂಸ್ಥೆಗೂ ಬರೀತೀನಿ." ಅವಳ ಮುಖ ನೋಡಲಾಗಲಿಲ್ಲ. ಜೇಬಿನ ಚೀಟಿಯಲ್ಲಿ ತಮ್ಮ ಹೆಸರು ಬರೆದು, ಅದರ ಮುಂದೆ ಆಕೆ ಬಗ್ಗಿ ಓದಿ ಹೇಳಿದ್ದನ್ನು ಬರೆದರು: ೬.೪೩ ಮೀಟರ್.