ಗದ್ದದ ಸನ್ನೆ

ಆಳೆತ್ತರದ ಬಾಸ್ ಪಿಟೀಲನ್ನು ಇಬ್ಬರು ಎತ್ತಿ ಗೋಡೆಗೆ ಒರಗಿಸುತ್ತಿದ್ದರು; ಅದು ಸರಿಯದೆ ಶವದ ಪೆಟ್ಟಿಗೆಗೆ ಆ ಕೋಣೆಯಲ್ಲಿ ಜಾಗವಿರಲಿಲ್ಲ.

“ನಿಧಾನಪ್ಪ, ತಗುಲೀತು,” ಎಂದ ಗಿಟಾರಿನವನು, ಸತ್ತವನ ಅಣ್ಣ. ತಮ್ಮನ ಪೆಟ್ಟಿಗೆಗಲ್ಲ, ಬಾಸಿಗೆ ಹೇಳಿದ್ದು.

ಅಣ್ಣ ಕಟ್ಟಿದ ಮೇಳ. ಗಿಟಾರು, ಪಿಟೀಲು, ಕ್ಲಾರಿನೆಟ್ಟು, ಬಾಸ್. ಹಾಡುವವರಿಲ್ಲ, ಡ್ರಮ್ಮಿಲ್ಲ, ಕರೆಂಟಿನ ವಾದ್ಯವಿಲ್ಲ. ಜಾಜ್ ಸಂಗೀತದೊಳಗೆ ಹಳೆಯ ಕುಣಿತದ ಮಟ್ಟು, ಅದರೊಳಗೆ ಜೋಗುಳ. ಇಷ್ಟಕ್ಕೂ ಬಾಸಿನಲ್ಲಿ ಲಯ ಹಿಡಿದು ಎಲ್ಲರ ಹಿಂದೆ ನಿಂತವನು ತಮ್ಮ.

“ಇವನು ಅಲ್ಲಿ ಏನು ಮಾಡ್ತಿದ್ದ?” ಎಂದರು ಪಕ್ಕದ ಮನೆಯವರು.

“ಫೋಟೋದಲ್ಲಿ ಹಿಂದುಗಡೆ ಜಾಗ ತುಂಬ್ತಿದ್ದ,” ಎಂದ ಕ್ಲಾರಿನೆಟ್ಟಿನವನು. ಒಬ್ಬಿಬ್ಬರು ಕೆಮ್ಮಿನಲ್ಲಿ ನಗು ಅಡಗಿಸಿದರು.

ಸತ್ತವನ ಹೆಂಡತಿ ಎದ್ದು ಬಂದಳು. “ಭಾವ, ಅವರು ಕಟ್ಟಿದ್ದ ಮಟ್ಟು ಒಂದು ನುಡಿಸಿ. ಅವರೊಬ್ಬರೇ ನುಡಿಸೋ ಜಾಗ ಬರುತ್ತಲ್ಲ, ಅಲ್ಲಿ ಎಲ್ಲರೂ ಸುಮ್ಮನಿರಿ. ಪೂರ್ತಿ. ನಾನು ಮನಸ್ಸಲ್ಲೇ ಕೇಳಿಸ್ಕೋತೀನಿ.”

“ಅದಕ್ಕೇನಮ್ಮ. ವ್ಯಾನು ಬರೋದರೊಳಗೆ ಆಗಬೇಕು, ಅಷ್ಟೆ.”

*

ಗಂಡ ಬದುಕಿದ್ದಾಗ, ಅವಳು ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದರೆ ಅವನು ತೇವ ಹಿಡಿದ ಗೋಡೆಗೆ ಮುಖ ಮಾಡಿ ತಾನೊಬ್ಬನೇ ನುಡಿಸುವ ಆ ಭಾಗವನ್ನು ಪೂರ್ತಿ ನುಡಿಸುತ್ತಿದ್ದ. ಜೋಗುಳದ ಹಾಗೆ ತೂಗಿ, ನಡುವೆ ಬೇಕೆಂದೇ ಎಡವಿ, ಕೊನೆಗೆ ಒಂದು ಸ್ವರ ಮೇಲೇರಿ ಅಲ್ಲೇ ನಿಲ್ಲುತ್ತಿತ್ತು. ಅದು ಬಂದಾಗ ಅವಳ ಕೈಯೂ ತಾನಾಗಿ ನಿಲ್ಲುತ್ತಿತ್ತು.

“ಈ ಕೊನೇದನ್ನ ಮೇಳದಲ್ಲಿ ಯಾಕೆ ನುಡಿಸಲ್ಲ ನೀವು?”

“ಅಲ್ಲೀತನಕ ಹೋಗೋದೇ ಇಲ್ಲ ಕಣೇ. ಅಣ್ಣ ಗದ್ದ ಎತ್ತುತ್ತಾನೆ.”

“ಎತ್ತಿದ್ರೆ?”

“ಮುಗಿಸ್ಬೇಕು. ಮೇಳದ ಪದ್ಧತಿ.”

“ಆ ಕಡೆ ನೋಡದೆ ಇದ್ದುಬಿಡಿ.”

ಅವನು ನಕ್ಕ. “ಮುಂದಿನ ಸಲ.”

*

ಮೂವರೂ ನುಡಿಸಿದರು. ಲಯ ಹಿಡಿಯುವವನಿಲ್ಲದೆ ಪಿಟೀಲು ಮುಂದೆ ಓಡಿತು, ಕ್ಲಾರಿನೆಟ್ಟು ಹಿಂದೆ ಬಿತ್ತು.

“ಆ ದೊಡ್ಡ ಪಿಟೀಲಿನ ಗುಂಯ್ ಅನ್ನೋದು ಇಲ್ದೆ ಇವತ್ತು ಚೆನ್ನಾಗೇ ಬರ್ತಿದೆ,” ಎಂದರು ಪಕ್ಕದ ಮನೆಯವರು.

ಆ ಜಾಗ ಬಂತು. ಮೂವರೂ ಕೈ ತಡೆದರು. ಹೆಂಡತಿ ಕಣ್ಣು ಮುಚ್ಚಿ, ಪೆಟ್ಟಿಗೆಯ ಅಂಚಿನ ಮೇಲೆ ಬೆರಳಿನಿಂದ ಲಯ ಹಾಕತೊಡಗಿದಳು. ಆ ಸದ್ದೊಂದೇ ಕೋಣೆಯಲ್ಲಿ. ಬೆರಳು ತೂಗಿತು, ಎಡವಿತು, ಮೇಲಕ್ಕೆ ಹೊರಟಿತು.

ಗಿಟಾರಿನವನು ಗೋಡೆಗೆ ಒರಗಿದ್ದ ಬಾಸಿನ ಕಡೆ ತಿರುಗಿ, ರೂಢಿಯಂತೆ ಗದ್ದ ಎತ್ತಿದ.

ಪಿಟೀಲು ಶುರುವಾಯಿತು. ಅವಳ ಬೆರಳು ಪೆಟ್ಟಿಗೆಯ ಮೇಲೆ, ಮರವನ್ನು ಮುಟ್ಟದೆ, ಎತ್ತಿದಲ್ಲೇ ನಿಂತಿತ್ತು.