ಹತ್ತಲೆಂದು ಬಿಟ್ಟ ಮೋಟು ಕೊಂಬೆ

ಮಗಳ ಹೊಸ ಮನೆಗೆ ನಮ್ಮ ತೋಪಿನ ಪೈನ್ ಮರದ್ದೇ ಬಾಗಿಲಾಗಬೇಕೆಂದು ನಮ್ಮ ಯಜಮಾನರು ಹಟ ಹಿಡಿದಿದ್ದರು. ಬಡಗಿ ಬೇರೆ ಯಾರೂ ಅಲ್ಲ, ನನ್ನ ತಮ್ಮ. ಅವನು ಉಜ್ಜುಗೊರಡು ಹಾಕಿದನೋ ಇಲ್ಲವೋ, ಹಲಗೆಯಿಂದ ಗಂಟೊಂದು ಕಳಚಿ ನೆಲಕ್ಕೆ ಬಿತ್ತು. ಆ ತೂತಿನಲ್ಲಿ ಇಣುಕಿದರೆ ಅಡುಗೆಮನೆ ಕಾಣುತ್ತಿತ್ತು. ಇನ್ನೂ ಏಳು ಗಂಟುಗಳು ಅಲುಗಾಡುತ್ತಿದ್ದವು.

ಯಜಮಾನರು ಮೊದಲು ಉಜ್ಜುಗೊರಡನ್ನು ಬೈದರು, ಆಮೇಲೆ ತಮ್ಮನ ಕೈಯನ್ನು. ನನಗೆ ಮೈಯೆಲ್ಲ ಉರಿಯಿತು. ತಮ್ಮ ಮಾತ್ರ ಸಮಾಧಾನವಾಗಿ, ತಪ್ಪು ಮರ ಬೆಳೆಸಿದ ರೀತಿಯಲ್ಲಿದೆ ಎಂದ.

ಮಾವನವರ ಕಾಲದಿಂದ ನಮ್ಮಲ್ಲೊಂದು ಪದ್ಧತಿ. ಕೊಂಬೆ ಕಡಿಯುವಾಗ ಗೇಣುದ್ದ ಮೋಟು ಬಿಡುವುದು. ಮುಂದಿನ ಸಲ ಅದರ ಮೇಲೆ ಕಾಲಿಟ್ಟು ಹತ್ತಬಹುದು, ಏಣಿ ಹೊರುವುದು ತಪ್ಪುತ್ತದೆ ಎಂದು ಅಪ್ಪ ಮಗ ಇಬ್ಬರಿಗೂ ಹೆಮ್ಮೆಯೋ ಹೆಮ್ಮೆ.

ಮರುದಿನ ಅರಣ್ಯ ಇಲಾಖೆಯ ಅಕ್ಕನನ್ನು ನಮ್ಮ ಎಳೆಯ ತೋಪಿಗೆ ಕರೆತಂದೆ. ಅವರು ಹಳೆಯ ಮರದ ತುಂಡೊಂದನ್ನು ಸೀಳಿ ತೋರಿಸಿದರು.

“ನೋಡಿ ಅಣ್ಣ, ಮೋಟು ಒಣಗಿದ ಮೇಲೆ ಮರಕ್ಕೂ ಅದಕ್ಕೂ ನಂಟು ಮುಗೀತು. ಮರ ದಪ್ಪ ಆಗ್ತಾ ಅದನ್ನ ನುಂಗುತ್ತೆ, ಆದ್ರೆ ಬೆಸೆದುಕೊಳ್ಳಲ್ಲ. ಹಲಗೆಯಿಂದ ಉದುರೋದು ಅದೇ.”

“ಬುಡಕ್ಕೇ ಕೊಯ್ದರೆ ಮರಕ್ಕೆ ಗಾಯ ಆಗಲ್ವೇನಮ್ಮ?” ಎಂದರು ಯಜಮಾನರು.

ಕಾಂಡ ತೆಳ್ಳಗಿರುವಾಗಲೇ, ಕೊಂಬೆಯ ಬುಡದ ಉಬ್ಬಿಗೆ ತಾಗದಂತೆ ಅದರ ಅಂಚಿಗೆ ಗರಗಸದಿಂದ ಕೊಯ್ದರೆ ಗಾಯ ಬೇಗ ಮುಚ್ಚುತ್ತದೆ, ಆಮೇಲೆ ಅಲ್ಲಿ ಬೆಳೆಯುವ ಮರದಲ್ಲಿ ಗಂಟಿರುವುದಿಲ್ಲ ಎಂದು ಅಕ್ಕ ವಿವರಿಸಿದರು. ಒಂದೇ ಸಲಕ್ಕೆ ಬೋಳಿಸಬಾರದು, ತುದಿಯಲ್ಲಿ ಹಸಿರು ಧಾರಾಳವಾಗಿರಬೇಕು ಎಂದೂ ಹೇಳಿದರು. ಆಮೇಲೆ ಸೊಟ್ಟ ಮರಗಳಿಗೆ, ಸೊರಗಿದ ಮರಗಳಿಗೆ ಸುಣ್ಣದ ಗುರುತು ಹಾಕಿದರು. ಅವನ್ನು ಕಡಿಯಬೇಕೆಂದಾಗ ಯಜಮಾನರ ಮುಖ ಹುಳ್ಳಗಾಯಿತು. ಇಕ್ಕಟ್ಟಿನಲ್ಲಿ ಯಾವ ಮರವೂ ಮೈತುಂಬಿ ಬೆಳೆಯದು, ಒಮ್ಮೆಲೇ ಬಯಲು ಮಾಡಿದರೆ ಕೊಂಬೆ ದಪ್ಪವಾಗಿ ಗಂಟೂ ದೊಡ್ಡದಾಗುತ್ತದೆ, ಹಾಗಾಗಿ ಸ್ವಲ್ಪಸ್ವಲ್ಪವೇ ತೆಗೆಯಬೇಕಂತೆ. ಉಳಿದ ಮರಗಳನ್ನು ಬಲಿಯುವ ಮೊದಲೇ ಕಡಿದರೆ ಹಲಗೆ ಒಣಗುವಾಗ ಸೊಟ್ಟಗಾಗುತ್ತದಂತೆ.

ಕೊನೆಗೆ ಮಗಳ ಬಾಗಿಲಿಗೆ ಬೇರೆಯವರ ತೋಪಿನ ಹಲಗೆಯೇ ಬಂತು. ಬಾಗಿಲು ನಿಲ್ಲಿಸಿದ ದಿನ ಯಜಮಾನರು ಮೇಲಿನಿಂದ ಕೆಳಗಿನವರೆಗೆ ಕೈಯಾಡಿಸಿದರು. ಒಂದು ಗಂಟೂ ಸಿಗಲಿಲ್ಲ.

“ಇಪ್ಪತ್ತೈದು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಸರಿಯಾಗಿ ಗರಗಸ ಹಿಡಿದಿದ್ದಾನೆ ಕಣೇ,” ಎಂದರು. ದನಿ ಸಣ್ಣದಾಗಿತ್ತು. ನನಗೆ ಅಯ್ಯೋ ಅನ್ನಿಸಿತು.

ಮರುದಿನ ಬೆಳಿಗ್ಗೆ ಅವರೇ ಏಣಿ ಹೊತ್ತು ತೋಪಿಗೆ ನಡೆದರು. ಗುರುತು ಹಾಕಿದ ಮರಗಳನ್ನು ಸ್ವಲ್ಪಸ್ವಲ್ಪವೇ ತೆಗೆದದ್ದರಿಂದ ಈಗ ಅಲ್ಲಿ ಮರಗಳ ನಡುವೆ ಬಿಸಿಲು ಇಳಿಯುತ್ತದೆ. ಅವರನ್ನು ಅಲ್ಲಿಂದ ಊಟಕ್ಕೆ ಕರೆತರುವುದೇ ನನಗೊಂದು ಕೆಲಸ.

ತೋಪಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮರಗಳು ಎಳೆಯವಾಗಿರುವಾಗಲೇ ಅರಣ್ಯದವರನ್ನು ಕರೆದು ತೋರಿಸಿ. ಕೊಂಬೆಯನ್ನು ಹೊತ್ತಿಗೆ ಸರಿಯಾಗಿ ಕೊಯ್ಯಿರಿ, ನಿಲ್ಲುವ ಮರಕ್ಕೆ ಜಾಗ ಕೊಡಿ, ಕಡಿಯಲು ಆತುರ ಬೇಡ. ಮುಂದೊಂದು ದಿನ ಯಾರೋ ಬಾಗಿಲ ಮೇಲೆ ಕೈಯಾಡಿಸಿ ನಿಮ್ಮನ್ನು ನೆನೆಯಲಿ.