ಯಾರೂ ಮುಟ್ಟದ ತಂತಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮುನವಳ್ಳಿಯ ನಮ್ಮ ಓಣಿಗೆಲ್ಲ ಅದು ಗೊತ್ತು. ಆ ವಾರವಂತೂ ಮನೆಮಂದಿಯ ಮೇಲೆಲ್ಲ ಹರಿಹಾಯ್ದೆ. ಕಾರಣ ಬಸವಣ್ಣೆಪ್ಪ ಕಾಕಾ. ರಾಮದುರ್ಗದಲ್ಲಿ ಪಂಪಸೆಟ್ ರಿಪೇರಿ ಮಾಡುವವರು, ನನಗೆ ಹ್ಯಾಮ್ ರೇಡಿಯೋ, ಅಂದರೆ ಮನೆಯಿಂದಲೇ ದೂರದವರೊಡನೆ ಮಾತಾಡುವ ರೇಡಿಯೋ, ಕಲಿಸಿದವರು. ಇಪ್ಪತ್ತು ವರ್ಷ, ಪ್ರತಿ ರವಿವಾರ ಬೆಳಿಗ್ಗೆ ಏಳಕ್ಕೆ ಅದರಲ್ಲೇ ನಮ್ಮ ಮಾತು. ಈಗ ಸೋಮವಾರ ಬೆಳಗಾವಿಯಲ್ಲಿ ಅವರ ಗಂಟಲಿನ ಆಪರೇಶನ್; ರವಿವಾರ ಬೆಳಿಗ್ಗೆಯೇ ಹೊರಡಬೇಕು. ಆಮೇಲೆ ಧ್ವನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಫೋನಿನಲ್ಲಿ ಮಾತಾಡುತ್ತಲೇ ಇದ್ದೆವು, ಖರೆ. ಆದರೆ ಕೊನೆಯ ಮಾತು ರೇಡಿಯೋದಲ್ಲೇ ಆಗಬೇಕೆಂದು ಕಾಕಾನ ಆಸೆ, ನನ್ನದೂ.

ನನ್ನ ಹಳೆ ಕೇಬಲ್ ಮಳೆನೀರು ಕುಡಿದು ಕೂತಿತ್ತು. ಆಂಟೆನಾದಿಂದ ಸೆಟ್ಟಿಗೆ ಬರುವಷ್ಟರಲ್ಲಿ ಸಿಗ್ನಲ್ ಅದರಲ್ಲೇ ಇಂಗಿಹೋಗುತ್ತಿತ್ತು. ದಪ್ಪ ಕೇಬಲ್ ತರಿಸಲೇ ಎಂದು ಕೇಳಿದರೆ ಕಾಕಾ ಬೈದರು.

"ಅದು ಬರೂದ್ರಾಗ ರವಿವಾರ ದಾಟತೈತಿ. ತಾಮ್ರದ ಎರಡು ತಂತಿ ಜೋಡಿ ಎಳಿ, ನಡುವ ನಾಕು ಬೆರಳು ಅಂತರ ಬಿಡು. ಆದ್ರ ಅದಕ್ಕ ಏನೂ ತಾಗಬಾರದು ನೋಡವಾ, ಹಸಿ ಅರಿವಿ ಸೈತ."

ಶನಿವಾರ ಆಂಟೆನಾದಿಂದ ಸೆಟ್ಟಿನವರೆಗೆ ಎರಡೂ ತಂತಿಯನ್ನು ಹಿತ್ತಲಿನ ಮೇಲೆ ಎಳೆದೆ. "ಈ ತಂತಿ ಯಾರೂ ಮುಟ್ಟಬ್ಯಾಡ್ರಿ!" ಎಂದು ಮನೆಯೆಲ್ಲ ಕೇಳುವಂತೆ ಒದರಿದೆ.

ರವಿವಾರ ಏಳಕ್ಕೆ ಬರೇ ಗೊರಗೊರ. ಹೊರಗೆ ಓಡಿದರೆ, ತಂತಿಯ ಮೇಲೆ ಅತ್ತೆಯ ಒಂಬತ್ತು ಗಜದ ಹಸಿ ಸೀರೆ! ಭಾರಕ್ಕೆ ಎರಡೂ ತಂತಿ ಕೂಡಿಕೊಂಡಿದ್ದವು.

"ಅತ್ಯಾ! ಇದೇನು ಮಾಡಿದ್ರಿ?"

ಅತ್ತೆ ಭಾಗೀರಥಿಬಾಯಿ ಪೂಜೆಯ ಹೂ ಹಿಡಿದು ನಿಂತಿದ್ದರು. "ಯಾರೂ ಮುಟ್ಟಬ್ಯಾಡ್ರಿ ಅಂತ ನೀನ ಒದರಿದ್ಯಲ್ಲ. ಮಡಿ ಒಣಗಿಸಲಿಕ್ಕೆ ಛಲೋ ಆತು ಅಂದುಕೊಂಡೆ."

ಸ್ನಾನವಾಗದ ನಾನು ಮುಟ್ಟಿದರೆ ಮಡಿ ಕೆಟ್ಟಂತೆ. ಅವರು ಒಳಗೆ ಹೋಗಿ ಕೋಲು ತಂದು ತೆಗೆಯುವಷ್ಟರಲ್ಲಿ ಕಾಕಾ ಆಸ್ಪತ್ರೆಗೆ ಹೊರಟಿರುತ್ತಾರೆ. ನನಗೆ ಅಳು ಬಂತು.

"ಕಾಕಾನ ಧ್ವನಿ ಇವತ್ತೊಂದ ದಿನ, ಅತ್ಯಾ."

"ಹುಚ್ಚಿ, ಮೊದಲ ಹೇಳಬಾರದೇನು? ಜಗ್ಗು. ಸೀರಿ ಮತ್ತ ತೊಳಿಲಿಕ್ಕೆ ಬರತದ."

ಹದಿನೆಂಟು ವರ್ಷದ ಸಂಸಾರದಲ್ಲಿ ಅವರ ಮಡಿಬಟ್ಟೆಗೆ ನನ್ನ ಕೈ ತಾಗಿದ್ದು ಅದೇ ಮೊದಲು.

ಸೀರೆ ಜಗ್ಗಿ ತೆಗೆದು ಸೆಟ್ಟಿನ ಬಳಿ ಓಡಿದೆ. ಕಾಕಾ ಎದುರಿಗೇ ಕೂತಂತೆ ಕೇಳಿಸಿದರು. "ಜ್ಯೋತ್ಸ್ನಾ, ಆವಾಜ ಸ್ವಚ್ಛ ಬರಾಕತ್ತೈತಿ. ಇಷ್ಟೊತ್ತು ಏನಾಗಿತ್ತವಾ?"

"ತಂತಿ ಮ್ಯಾಲ ಅತ್ತಿ ಮಡಿ ಸೀರಿ ಹಾಕಿದ್ರು, ಕಾಕಾ."

ಕಾಕಾ ನಕ್ಕರು. ಕೆಮ್ಮುತ್ತ, ಗೊಗ್ಗರು ಗಂಟಲಲ್ಲಿ, ಹೊಟ್ಟೆತುಂಬ ನಕ್ಕರು. ಅತ್ತೆ ಬಾಗಿಲಲ್ಲಿ ನಿಂತು ಆ ನಗು ಕೇಳಿಸಿಕೊಂಡರು.

ಈಗ ಕಾಕಾ ರೇಡಿಯೋದಲ್ಲಿ ಮೋರ್ಸ್ ಕೀಲಿ ಒತ್ತಿ, ಚುಕ್ಕೆ-ಗೆರೆಯ ಸದ್ದಿನಲ್ಲೇ ಮಾತಾಡುತ್ತಾರೆ. ನಗುವಿಗೂ ಅದರಲ್ಲೊಂದು ಸಂಕೇತವಿದೆ: ನಾಲ್ಕು ಚುಕ್ಕೆ, ಎರಡು ಚುಕ್ಕೆ. ಅದು ಕೇಳಿಸಿದರೆ ಸಾಕು, ಅತ್ತೆ ದೇವರಮನೆಯಿಂದಲೇ ಕೂಗುತ್ತಾರೆ: "ಜ್ಯೋತ್ಸ್ನಾ, ನಿನ್ನ ಕಾಕಾ ನಕ್ಕರು ನೋಡು."